ಮೇರಿ ಮ್ಯಾಲನ್: ಅಡುಗೆಮನೆಯಿಂದ ದ್ವೀಪಕ್ಕೆ

ಟೈಫಾಯ್ಡ್ ಮೇರಿ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ತಾನು ಆರೋಗ್ಯವಾಗಿದ್ದುಕೊಂಡು ಊರಿಗೆಲ್ಲ ರೋಗ ಹಂಚುವವರನ್ನು ಇಂಗ್ಲಿಷಿನಲ್ಲಿ ಇಂದಿಗೂ ಹಾಗೆ ಕರೆಯುವುದುಂಟು. ಕೊರೋನಾ ದಿನಗಳಲ್ಲಿ ಪತ್ರಿಕೆಗಳು ಆ ಹೆಸರನ್ನು ಮತ್ತೆ ನೆನಪಿಸಿದ್ದವು. ಆ ಹೆಸರಿನ ಹಿಂದಿದ್ದ ಹೆಂಗಸಿನ ಕಥೆ ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಆಕೆ ಮೇರಿ ಮ್ಯಾಲನ್, ಮನೆಮನೆಯಲ್ಲಿ ಅಡುಗೆ ಮಾಡಿ ಬದುಕುತ್ತಿದ್ದವಳು. ಮಹಿಳಾ ವಿಭಾಗದ ಸಂಚಿಕೆಗೆ ಯಾರಾದರೂ ಸಾಧಕಿಯ ಬಗ್ಗೆ ಬರೆಯುವುದು ವಾಡಿಕೆ. ಮೇರಿಯನ್ನು ಆ ಸಾಲಿಗೆ ಸೇರಿಸಲು ಬರುವುದಿಲ್ಲ. ಆದರೂ ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ನಾವು ಆಕೆಯ ಬದುಕನ್ನು ಒಮ್ಮೆ ಓದಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

1906ರ ಬೇಸಿಗೆ. ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲೆಂಡಿನ ಆಯ್ಸ್ಟರ್ ಬೇ ಎಂಬ ಊರು ದುಡ್ಡಿದ್ದವರು ಬೇಸಿಗೆ ಕಳೆಯುವ ಜಾಗ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಮನೆಯೂ ಅಲ್ಲೇ ಇತ್ತು. ಚಾರ್ಲ್ಸ್ ವಾರೆನ್ ಎಂಬ ಬ್ಯಾಂಕರ್ ಅಲ್ಲಿ ಒಂದು ದೊಡ್ಡ ಮನೆ ಬಾಡಿಗೆಗೆ ಹಿಡಿದು ಸಂಸಾರ, ಆಳುಕಾಳುಗಳ ಸಮೇತ ಬಂದಿದ್ದ. ಆಗಸ್ಟ್ 27ರಂದು ಅವನ ಮಗಳಿಗೆ ಜ್ವರ ಹಿಡಿಯಿತು. ಒಂದು ವಾರದೊಳಗೆ ಹೆಂಡತಿ, ಇನ್ನೊಬ್ಬ ಮಗಳು, ಇಬ್ಬರು ಕೆಲಸದ ಹುಡುಗಿಯರು, ತೋಟದ ಮಾಲಿ, ಹೀಗೆ ಮನೆಯಲ್ಲಿದ್ದ 11 ಜನರಲ್ಲಿ 6 ಜನ ಹಾಸಿಗೆ ಹಿಡಿದರು. ಅದು ಟೈಫಾಯ್ಡ್, ನಮ್ಮ ಹಿರಿಯರು ವಿಷಮಶೀತಜ್ವರ ಎನ್ನುತ್ತಿದ್ದದ್ದು.

ಆಗಿನ ಕಾಲಕ್ಕೆ ಟೈಫಾಯ್ಡ್ ಅಂದರೆ ಇಂದಿನ ಹಾಗೆ ವಿಡಾಲ್ ಟೆಸ್ಟ್ ಮಾಡಿಸಿ, ಒಂದು ಕೋರ್ಸ್ ಮಾತ್ರೆ ನುಂಗಿ ಏಳುವ ಜ್ವರವಾಗಿರಲಿಲ್ಲ. ಔಷಧವೇ ಇರಲಿಲ್ಲ. ಹಿಡಿದವರಲ್ಲಿ ಹತ್ತಕ್ಕೆ ಒಬ್ಬರು ಸಾಯುತ್ತಿದ್ದರು, ಉಳಿದವರು ವಾರಗಟ್ಟಲೆ ಜ್ವರದಲ್ಲಿ ನರಳಿ ಏಳುತ್ತಿದ್ದರು. ಆದರೆ ಅದು ಕೊಳೆಗೇರಿಯವರ ಕಾಯಿಲೆ ಎಂಬ ಭಾವನೆ ಶ್ರೀಮಂತರಲ್ಲಿತ್ತು. ಆಯ್ಸ್ಟರ್ ಬೇಯಂಥ ಊರಿನಲ್ಲಿ ಅದು ಕಾಣಿಸಿಕೊಂಡಿತೆಂದರೆ ಇನ್ನು ಆ ಮನೆಯನ್ನು ಬಾಡಿಗೆಗೆ ಹಿಡಿಯುವವರು ಯಾರು? ಮನೆಯ ಮಾಲೀಕನಿಗೆ ಅದೇ ಚಿಂತೆ. ಬಾವಿಯ ನೀರು ನೋಡಿಸಿದ, ಪಾಯಿಖಾನೆಯ ಗುಂಡಿ ನೋಡಿಸಿದ, ಹಾಲು ನೋಡಿಸಿದ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರನನ್ನು ಕರೆಸಿದ. ಸೋಪರ್ ಡಾಕ್ಟರಲ್ಲ, ಊರುಗಳಲ್ಲಿ ಟೈಫಾಯ್ಡ್ ಎದ್ದಾಗ ಅದರ ಮೂಲ ಹುಡುಕಿ ಕೊಡುವುದರಲ್ಲಿ ಹೆಸರು ಮಾಡಿದವನು.

ಸೋಪರನಿಗೆ ಮೊದಲು ಅನುಮಾನ ಬಂದದ್ದು ಚಿಪ್ಪುಮೀನಿನ ಮೇಲೆ. ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಜಾತಿಯದು. ಕೊಳಚೆ ಸೇರುವ ನೀರಿನಲ್ಲಿ ಬೆಳೆದರೆ ಅದರಿಂದ ಟೈಫಾಯ್ಡ್ ಬರುವುದುಂಟು. ಆದರೆ ಅದೇ ಚಿಪ್ಪನ್ನು ಊರಿನ ಬೇರೆಯವರೂ ತಿಂದಿದ್ದರು, ಅವರಿಗೆ ಏನೂ ಆಗಿರಲಿಲ್ಲ. ಆಗ ಅವನು ಮನೆಯ ಜನರ ಕಡೆ ತಿರುಗಿದ. ಜ್ವರ ಶುರುವಾಗುವ ಸುಮಾರು ಮೂರು ವಾರ ಮುಂಚೆ, ಆಗಸ್ಟ್ 4ರಂದು, ಆ ಮನೆಗೆ ಹೊಸ ಅಡುಗೆಯಾಕೆ ಬಂದಿದ್ದಳು. ಮನೆಯವರು ಜ್ವರದಲ್ಲಿ ಮಲಗಿದ ಮೇಲೆ ಆಕೆ ಕೆಲಸ ಬಿಟ್ಟು ಹೋಗಿದ್ದಳು. ಟೈಫಾಯ್ಡ್ ಕ್ರಿಮಿ ಹೊಟ್ಟೆಗೆ ಹೋದ ಮೇಲೆ ಜ್ವರ ಬರಲು ಒಂದರಿಂದ ಮೂರು ವಾರ ಬೇಕು. ಲೆಕ್ಕ ಸರಿಹೊಂದಿತು.

ಇಲ್ಲಿ ಒಂದು ತೊಡಕಿತ್ತು. ಟೈಫಾಯ್ಡ್ ಬ್ಯಾಕ್ಟೀರಿಯಾ ಬಿಸಿಗೆ ಬದುಕುವುದಿಲ್ಲ. 60 ಡಿಗ್ರಿಗಿಂತ ಮೇಲಿನ ಶಾಖ ಕೆಲವು ನಿಮಿಷ ಚೆನ್ನಾಗಿ ತಾಗಿದರೆ ಸಾಯುತ್ತದೆ. ಬೇಯಿಸಿದ, ಹುರಿದ, ಕುದಿಸಿದ ಅಡುಗೆಯಿಂದ ಅದು ದಾಟಿ ಬಂದದ್ದಾದರೂ ಹೇಗೆ? ಉತ್ತರ ಸಿಕ್ಕಿದ್ದು ಭಾನುವಾರದ ಸಿಹಿತಿಂಡಿಯಲ್ಲಿ. ಮನೆಯವರೆಲ್ಲ ಮೆಚ್ಚಿ ತಿಂದಿದ್ದ ಐಸ್‌ಕ್ರೀಮ್, ಅದರ ಮೇಲೆ ಕೈಯಿಂದ ಹೆಚ್ಚಿ ಹಾಕಿದ ಹಸಿ ಪೀಚ್ ಹಣ್ಣು. ಹಣ್ಣು ಒಲೆಯ ಮುಖ ಕಂಡಿರಲಿಲ್ಲ. ಇನ್ನು ಚಳಿಗೆ ಈ ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಲ್ಲಿಸುತ್ತದೆಯೇ ಹೊರತು ಸಾಯುವುದಿಲ್ಲ. ಹೊಟ್ಟೆಯ ಬಿಸಿಗೆ ಹೋದ ಕೂಡಲೇ ಮತ್ತೆ ಚಿಗುರಿಕೊಳ್ಳುತ್ತದೆ. ಇದು ನಮ್ಮ ಅಡುಗೆಗೂ ಅಷ್ಟೇ ಅನ್ವಯಿಸುವ ಮಾತು. ಅಪಾಯ ಕೊತಕೊತ ಕುದಿಯುವ ಸಾಂಬಾರಿನಲ್ಲಿ ಇರುವುದು ಕಡಿಮೆ. ಬೆಂದ ಮೇಲೆ ಕೈ ಹಾಕಿ ಕಲಸುವ ಮೊಸರನ್ನ, ಹೆಸರುಬೇಳೆ ಕೋಸಂಬರಿ, ಹಸಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ನೀರು, ಇವುಗಳಲ್ಲಿ ಕೈಯ ಪಾಲು ಹೆಚ್ಚು, ಬೆಂಕಿಯ ಪಾಲು ಇಲ್ಲ.

ಸೋಪರ್ ಆ ಅಡುಗೆಯಾಕೆ ಹಿಂದೆ ಕೆಲಸ ಮಾಡಿದ್ದ ಮನೆಗಳ ಪಟ್ಟಿ ತೆಗೆದ. 1900ರಿಂದೀಚೆಗೆ ಎಂಟು ಮನೆ. ಅವುಗಳಲ್ಲಿ ಏಳರಲ್ಲಿ, ಆಕೆ ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಟೈಫಾಯ್ಡ್ ಎದ್ದಿತ್ತು. ಒಟ್ಟು 22 ಜನಕ್ಕೆ ರೋಗ, ಒಬ್ಬರ ಸಾವು. 1902ರಲ್ಲಿ ಮೇನ್ ರಾಜ್ಯದ ಒಂದು ಮನೆಯಲ್ಲಿ ಒಂಬತ್ತು ಜನರಲ್ಲಿ ಏಳು ಜನ ಮಲಗಿದಾಗ, ಮನೆಯ ಯಜಮಾನನ ಜೊತೆ ನಿಂತು ರೋಗಿಗಳ ಸೇವೆ ಮಾಡಿದವಳು ಈ ಅಡುಗೆಯಾಕೆಯೇ. ಆತ ಸಂತೋಷಪಟ್ಟು 50 ಡಾಲರ್ ಇನಾಮು ಕೊಟ್ಟಿದ್ದ. ಪಾಪ, ಆತನಿಗೆ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ.

ಮೇರಿ ಹುಟ್ಟಿದ್ದು 1869ರ ಸೆಪ್ಟೆಂಬರ್ 23ರಂದು, ಐರ್ಲೆಂಡಿನ ಟೈರೋನ್ ಪ್ರಾಂತ್ಯದ ಕುಕ್ಸ್‌ಟೌನ್‌ನಲ್ಲಿ. ಬಡತನದ ನಾಡು. ಹದಿನೈದರ ಆಸುಪಾಸಿನಲ್ಲಿ ಒಬ್ಬಳೇ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ಆ ಕಾಲದಲ್ಲಿ ಐರಿಷ್ ಹುಡುಗಿಯರಿಗೆ ಅಲ್ಲಿ ಸಿಗುತ್ತಿದ್ದ ಕೆಲಸ ಮನೆಗೆಲಸವೇ: ಬಟ್ಟೆ ಒಗೆಯುವುದು, ನೆಲ ಒರೆಸುವುದು, ಮಕ್ಕಳನ್ನು ನೋಡಿಕೊಳ್ಳುವುದು. ಆ ಏಣಿಯ ಮೇಲಿನ ಮೆಟ್ಟಿಲು ಅಡುಗೆ. ಮೇರಿಯ ಕೈರುಚಿ ಅವಳನ್ನು ಅಲ್ಲಿಗೆ ಏರಿಸಿತು. ಆಯ್ಸ್ಟರ್ ಬೇಯಲ್ಲಿ ಆಕೆಗೆ ತಿಂಗಳಿಗೆ 45 ಡಾಲರ್ ಸಂಬಳ, ಮನೆಗೆಲಸದವಳಿಗೆ ಆಗ ಅದು ಒಳ್ಳೆಯ ಮೊತ್ತ. ಮದುವೆಯಾಗಿರಲಿಲ್ಲ. ಎತ್ತರದ ಗಟ್ಟಿಮುಟ್ಟು ಹೆಂಗಸು, ತನಗೆ ಟೈಫಾಯ್ಡ್ ಬಂದದ್ದು ಆಕೆಗೆ ನೆನಪೇ ಇರಲಿಲ್ಲ. ತನ್ನ ಕೆಲಸದ ಬಗ್ಗೆ ಹೆಮ್ಮೆ ಇತ್ತು, ಆ ಹೆಮ್ಮೆಯೇ ಅವಳ ಆಸ್ತಿ.

1907ರ ಮಾರ್ಚ್‌ನಲ್ಲಿ ಸೋಪರ್ ಆಕೆಯನ್ನು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದ ಒಂದು ಮನೆಯ ಅಡುಗೆಕೋಣೆಯಲ್ಲಿ ಹಿಡಿದ. ಆ ಮನೆಯಲ್ಲೂ ಆಗಲೇ ಟೈಫಾಯ್ಡ್ ಬಂದು, ಮನೆಯ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಸೋಪರ್ ನೇರವಾಗಿ ವಿಷಯಕ್ಕೆ ಬಂದ. ನಿನ್ನಿಂದ ಜನರಿಗೆ ರೋಗ ಹರಡುತ್ತಿದೆ, ನಿನ್ನ ಮಲ, ಮೂತ್ರ, ರಕ್ತದ ಮಾದರಿ ಬೇಕು ಎಂದು ಕೇಳಿದ. ಮೇರಿ ಮಾಂಸ ಕೊಯ್ಯುವಾಗ ಹಿಡಿಯುವ ಉದ್ದನೆಯ ಫೋರ್ಕನ್ನು ಎತ್ತಿಕೊಂಡು ಅವನ ಮೇಲೆ ಏರಿಹೋದಳು. ಅವನು ಓಡಿ ಬೀದಿಗೆ ಬಿದ್ದ. ಈ ಘಟನೆಯನ್ನು ಹೇಳುವವರೆಲ್ಲ ಮೇರಿಯ ಸಿಟ್ಟಿನ ಬಗ್ಗೆ ನಗುತ್ತಾ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೂವತ್ತೇಳು ವರ್ಷದ ಒಂಟಿ ಹೆಂಗಸು ಕೆಲಸ ಮಾಡುತ್ತಿರುವಾಗ ಗುರುತಿಲ್ಲದ ಗಂಡಸೊಬ್ಬ ಒಳಗೆ ಬಂದು, ನೀನು ಕೊಳಕು, ನಿನ್ನ ಮಲ ಕೊಡು ಎಂದರೆ ನಾವಾದರೂ ಕುರ್ಚಿ ಹಾಕಿ ಕೂರಿಸುತ್ತೇವೆಯೇ? ರೋಗವಿಲ್ಲದ ಮನುಷ್ಯರೂ ರೋಗ ಹರಡಬಲ್ಲರು ಎಂಬ ಮಾತು ಆಗ ಡಾಕ್ಟರುಗಳಿಗೇ ಹೊಸದು. ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅದನ್ನು ಹೇಳಿ ನಾಲ್ಕೈದು ವರ್ಷವಾಗಿತ್ತಷ್ಟೆ. ಅಮೆರಿಕದಲ್ಲಿ ಹಾಗೆ ಪತ್ತೆಯಾದ ಮೊದಲನೆಯ ಆಸಾಮಿಯೇ ಮೇರಿ.

ಸೋಪರನಿಂದ ಆಗದ ಕೆಲಸಕ್ಕೆ ನಗರದ ಆರೋಗ್ಯ ಇಲಾಖೆ ಒಬ್ಬ ಡಾಕ್ಟರಮ್ಮನನ್ನು ಕಳಿಸಿತು, ಹೆಸರು ಜೋಸೆಫೀನ್ ಬೇಕರ್. ಹದಿನಾರನೆಯ ವಯಸ್ಸಿನಲ್ಲಿ ತನ್ನ ತಂದೆಯನ್ನು ಟೈಫಾಯ್ಡಿಗೇ ಕಳೆದುಕೊಂಡವಳು. ಹೆಣ್ಣು ಡಾಕ್ಟರೆಂದರೆ ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಓದಿ ಮುಂದೆ ಬಂದವಳು. ಮುಂದೆ ನ್ಯೂಯಾರ್ಕಿನ ಶಿಶುಮರಣವನ್ನು ಇಳಿಸಿದ ಕೀರ್ತಿಯೂ ಅವಳದೇ. ಮೊದಲ ದಿನ ಅವಳ ಮುಖಕ್ಕೂ ಬಾಗಿಲು ಬಡಿಯಿತು. ಮರುದಿನ ಪೊಲೀಸರು, ಆಂಬುಲೆನ್ಸ್ ಸಮೇತ ಬಂದಳು. ಮೇರಿ ಫೋರ್ಕ್ ಹಿಡಿದೇ ಬಾಗಿಲು ತೆರೆದು, ನುಗ್ಗಿ, ಮಾಯವಾದಳು. ಮನೆಯ ಉಳಿದ ಆಳುಗಳೆಲ್ಲ ಏನೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ಹಿತ್ತಿಲ ಹಿಮದಲ್ಲಿ ಬೇಲಿಯವರೆಗೆ ಹೆಜ್ಜೆಗುರುತು, ಬೇಲಿಯ ಪಕ್ಕ ಒಂದು ಕುರ್ಚಿ. ಗಂಟೆಗಟ್ಟಲೆ ಹುಡುಕಿದ ಮೇಲೆ ಪಕ್ಕದ ಮನೆಯ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲಲ್ಲಿ ನೀಲಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿದ್ದು ಕಾಣಿಸಿತು. ಆ ಬಾಗಿಲಿಗೆ ಬೂದಿಯ ಡಬ್ಬಗಳನ್ನು ಅಡ್ಡ ಜೋಡಿಸಲಾಗಿತ್ತು, ಅಂದರೆ ಜೊತೆಯ ಆಳುಗಳೇ ಅವಳನ್ನು ಬಚ್ಚಿಟ್ಟಿದ್ದರು. ಎಳೆದು ಹೊರತೆಗೆದರು. ಆಂಬುಲೆನ್ಸಿನಲ್ಲಿ ಆಸ್ಪತ್ರೆ ತಲುಪುವವರೆಗೂ ಡಾಕ್ಟರಮ್ಮ ಅವಳ ಮೇಲೆಯೇ ಕೂತಿರಬೇಕಾಯಿತು.

ಪರೀಕ್ಷೆಯಲ್ಲಿ ಮೇರಿಯ ಮಲದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಹೇರಳವಾಗಿ ಕಂಡವು. ಈ ಬ್ಯಾಕ್ಟೀರಿಯಾಕ್ಕೆ ಮನುಷ್ಯರ ದೇಹ ಬಿಟ್ಟರೆ ಬೇರೆ ಮನೆಯಿಲ್ಲ. ಟೈಫಾಯ್ಡ್ ಬಂದು ವಾಸಿಯಾದ ನೂರು ಜನರಲ್ಲಿ ಎರಡು ಮೂರು ಮಂದಿಯ ಪಿತ್ತಕೋಶದಲ್ಲಿ ಅದು ಸದ್ದಿಲ್ಲದೆ ಉಳಿದುಬಿಡುತ್ತದೆ. ಅಲ್ಲಿ ಕಲ್ಲುಗಳಿದ್ದರೆ ಅವುಗಳ ಮೇಲೆ ಲೋಳೆಯಂತೆ ಅಂಟಿಕೊಳ್ಳುತ್ತದೆ. ಪಿತ್ತರಸದ ಜೊತೆ ಕರುಳಿಗೆ ಇಳಿದು ಮಲದಲ್ಲಿ ಹೊರಬರುತ್ತದೆ. ಎಷ್ಟೋ ಸಲ ಜ್ವರ ಎಷ್ಟು ಸೌಮ್ಯವಾಗಿ ಬಂದು ಹೋಗಿರುತ್ತದೆಂದರೆ, ಬಂದದ್ದೇ ತಿಳಿದಿರುವುದಿಲ್ಲ. ಪಾಯಿಖಾನೆಗೆ ಹೋಗಿ ಬಂದು ಕೈಯನ್ನು ಸೋಪಿನಲ್ಲಿ ಉಜ್ಜಿ ತೊಳೆಯದಿದ್ದರೆ ಉಗುರಿನ ಸಂದಿಯಿಂದ ನೇರವಾಗಿ ಹೆಚ್ಚುವ ಮಣೆಗೆ. ತಾನು ಆರೋಗ್ಯವಾಗಿದ್ದೇನೆ, ಕೈ ನೋಡಿದರೆ ಚೊಕ್ಕಟವಾಗಿದೆ ಎಂದು ತಿಳಿದಿದ್ದ ಮೇರಿ ಅಷ್ಟು ಉಜ್ಜಿ ತೊಳೆಯುವ ಅಗತ್ಯ ಕಂಡುಕೊಂಡಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಊಟ ಮಾಡಿದ್ದರಿಂದ ಹೊಟ್ಟೆ ಕೆಟ್ಟರೆ ನಾವು ಎಲ್ಲದಕ್ಕೂ ಫುಡ್ ಪಾಯಿಸನಿಂಗ್ ಎಂದುಬಿಡುತ್ತೇವೆ, ಆದರೆ ದಾರಿಗಳು ಬೇರೆ ಬೇರೆ. ಮೇರಿಯದು ಒಂದು ದಾರಿ: ಜೀವಂತ ಬ್ಯಾಕ್ಟೀರಿಯಾ ಹೊಟ್ಟೆ ಸೇರಿ, ಅಲ್ಲಿಂದ ರಕ್ತಕ್ಕೆ ಇಳಿದು, ವಾರಗಳ ಮೇಲೆ ಜ್ವರವಾಗುವುದು. ಇನ್ನೊಂದು ದಾರಿಯಲ್ಲಿ ಬ್ಯಾಕ್ಟೀರಿಯಾ ಅನ್ನದಲ್ಲಿಯೇ ವಿಷ ಮಾಡಿಟ್ಟಿರುತ್ತದೆ. ಬೆರಳಲ್ಲಿ ಕೀವಿನ ಗಾಯವಿದ್ದವರು ಪೇಡಾ ಉಂಡೆ ಕಟ್ಟಿದರೆ ಸ್ಟೆಫಿಲೋಕಾಕಸ್ ಎಂಬುದು ಅದರಲ್ಲಿ ಬೆಳೆಯುತ್ತದೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬುದರ ಬೀಜಕಣಗಳಿರುತ್ತವೆ. ಅವು ಕುದಿಸಿದರೂ ಸಾಯುವುದಿಲ್ಲ. ಅನ್ನವನ್ನು ಇಡೀ ಮಧ್ಯಾಹ್ನ ಹೊರಗೇ ಇಟ್ಟರೆ ಚಿಗುರಿ ವಿಷ ಬಿಡುತ್ತವೆ. ಈ ಎರಡೂ ವಿಷಗಳು ಮತ್ತೆ ಬಿಸಿ ಮಾಡಿದರೆ ಹೋಗುವಂಥವಲ್ಲ, ರಾತ್ರಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಅಷ್ಟೇ. ಒಳ್ಳೆಯ ಸೆಕೆಯಲ್ಲಿ ಇಂಥ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದೇ ಒಂದಿದ್ದದ್ದು ಏಳು ಗಂಟೆಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ವಾಸನೆ ಬದಲಾಗಲೇಬೇಕೆಂದಿಲ್ಲ, ರುಚಿಯೂ ಕೆಡಬೇಕೆಂದಿಲ್ಲ. ಸಂಘದ ಹಬ್ಬದೂಟಕ್ಕೆ ಬೆಳಿಗ್ಗೆಯೇ ದೊಡ್ಡ ಹಂಡೆಗಳಲ್ಲಿ ಮಾಡಿ ಮುಚ್ಚಿಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಬೂಷ್ಟಿನ ದಾರಿ ಮತ್ತೂ ಬೇರೆ, ನಿಧಾನದ್ದು. ಒದ್ದೆಯಾದ ಕಡಲೆಕಾಯಿ, ಮೆಕ್ಕೆಜೋಳದ ಮೇಲೆ ಬೆಳೆಯುವ ಹಳದಿ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಟ್ಟು ಯಕೃತ್ತನ್ನು ಹಾಳುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಗೊತ್ತಾದದ್ದು. ಕಾರಣ ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿ. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ ಗುಜರಾತುಗಳ ಗಡಿಯ ಹಳ್ಳಿಗಳಲ್ಲಿ, ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಬಡವರು ಸತ್ತರು. ಬೇರೆ ತಿನ್ನಲು ಇರಲಿಲ್ಲ, ಅದನ್ನೇ ತಿಂದರು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಕಡಲೆಬೀಜದಲ್ಲಿ ಒಂದೆರಡು ಕಪ್ಪಗೆ ಕಹಿಯಾಗಿ ಸಿಕ್ಕಿದರೆ ನಮ್ಮ ಅಜ್ಜಿಯರು ಆರಿಸಿ ಎಸೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಬ್ರೆಡ್ಡಿನ ಮೇಲಿನ ಬೂಷ್ಟನ್ನು ಕೆರೆದು ಉಳಿದದ್ದನ್ನು ತಿನ್ನುವ ಜಿಪುಣತನವೂ ಬೇಡ, ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ.

ಮೇರಿಯ ವಿಷಯಕ್ಕೆ ಬರೋಣ. ಅವಳನ್ನು ನಾರ್ತ್ ಬ್ರದರ್ ಎಂಬ ದ್ವೀಪಕ್ಕೆ ಕಳಿಸಿದರು. ಈಸ್ಟ್ ನದಿಯಲ್ಲಿ ಒಂದು ತುಣುಕು ನೆಲ, ಅದರ ಮೇಲೆ ಕ್ಷಯ, ಸಿಡುಬಿನಂಥ ಅಂಟುರೋಗದವರ ರಿವರ್‌ಸೈಡ್ ಆಸ್ಪತ್ರೆ. ನೀರಿನ ಅಂಚಿಗೆ ಒಂದು ಪುಟ್ಟ ಮನೆ ಕೊಟ್ಟರು. ಊಟ ತಂದಿಟ್ಟು ಹೋಗುವರು. ಜೊತೆಗೆ ಒಂದು ನಾಯಿ. ಎದುರಿಗೆ ನಗರ ಕಾಣುತ್ತಿತ್ತು. ಯಾವ ಅಪರಾಧದ ಆರೋಪವೂ ಇಲ್ಲ, ವಿಚಾರಣೆಯೂ ಇಲ್ಲ, ಎಷ್ಟು ದಿನ ಎಂಬ ಲೆಕ್ಕವೂ ಇಲ್ಲ. ವಾರವಾರವೂ ಮಲ ಪರೀಕ್ಷೆ. ಒಂದಾದ ಮೇಲೊಂದು ಔಷಧ ಕೊಟ್ಟು ನೋಡಿದರು, ಯಾವುದೂ ತಾಗಲಿಲ್ಲ. ಪಿತ್ತಕೋಶ ತೆಗೆಸಿಕೋ ಎಂದರು. ಆಗಿನ ಶಸ್ತ್ರಚಿಕಿತ್ಸೆಯಲ್ಲಿ ಜೀವ ಹೋಗುವ ಭಯವಿತ್ತು, ತನಗೆ ರೋಗವೇ ಇಲ್ಲವೆಂದು ನಂಬಿದವಳು ಯಾಕೆ ಒಪ್ಪುತ್ತಾಳೆ? ಆ ದಿನಗಳಲ್ಲಿ ಅವಳ ಒಂದು ಕಣ್ಣಿನ ರೆಪ್ಪೆ ಸ್ವಾಧೀನ ತಪ್ಪಿ ತಿಂಗಳುಗಟ್ಟಲೆ ಹಾಗೇ ಇತ್ತು. ಓಡಾಡುವಾಗ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ರಾತ್ರಿ ಅದಕ್ಕೆ ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಳು. ಮಲದ ಮಾದರಿ ಕೇಳಲು ತಪ್ಪದೆ ಬರುತ್ತಿದ್ದ ಡಾಕ್ಟರುಗಳಲ್ಲಿ ಆ ಕಣ್ಣನ್ನು ನೋಡುವವರು ಇರಲಿಲ್ಲವೆಂದು ಅವಳು ತನ್ನ ಕಾಗದದಲ್ಲಿ ದೂರಿಕೊಂಡಿದ್ದಾಳೆ. ನನಗೆ ಇಡೀ ಕಥೆಯಲ್ಲಿ ಮರೆಯಲಾಗದ್ದು ಇದೇ.

1909ರ ಬೇಸಿಗೆಯಲ್ಲಿ ಒಂದು ಪತ್ರಿಕೆ ಅವಳ ಹೆಸರು ಸಮೇತ ಕಥೆ ಅಚ್ಚು ಹಾಕಿತು. ಬಾಣಲೆಗೆ ಮೊಟ್ಟೆ ಒಡೆದು ಹಾಕುವಂತೆ ತಲೆಬುರುಡೆಗಳನ್ನು ಹಾಕುತ್ತಿರುವ ಹೆಂಗಸಿನ ಚಿತ್ರ ಬೇರೆ. ಅದೇ ಹೊತ್ತಿಗೆ ಮೇರಿ ವಕೀಲರನ್ನು ಹಿಡಿದು ಕೋರ್ಟಿಗೆ ಹೋದಳು. ಅವಳ ಕೈಯಲ್ಲೂ ಪುರಾವೆ ಇತ್ತು. ಗೆಳೆಯನೊಬ್ಬನ ಮೂಲಕ ತನ್ನ ಮಾದರಿಗಳನ್ನು ಗುಟ್ಟಾಗಿ ಖಾಸಗಿ ಲ್ಯಾಬಿಗೆ ಕಳಿಸಿದ್ದಳು, ಅಲ್ಲಿ ಯಾವುದರಲ್ಲೂ ಟೈಫಾಯ್ಡ್ ಕಂಡಿರಲಿಲ್ಲ. ಇಲಾಖೆಯ ಲೆಕ್ಕದಲ್ಲಿ 163 ಮಾದರಿಗಳಲ್ಲಿ 120ರಲ್ಲಿ ಇತ್ತು. ಇಬ್ಬರದೂ ನಿಜವಿರಬಹುದು. ಪಿತ್ತಕೋಶದಿಂದ ಬ್ಯಾಕ್ಟೀರಿಯಾ ದಿನವೂ ಒಂದೇ ಸಮನೆ ಬರುವುದಿಲ್ಲ, ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಅದನ್ನು ಅವಳಿಗೆ ಅರ್ಥವಾಗುವಂತೆ ಕೂತು ಹೇಳುವ ತಾಳ್ಮೆ ಯಾರಿಗಾದರೂ ಇತ್ತೆಂದು ತೋರುವುದಿಲ್ಲ. ಕೋರ್ಟು ಅವಳನ್ನು ಬಿಡಲಿಲ್ಲ.

1910ರ ಫೆಬ್ರವರಿಯಲ್ಲಿ ಹೊಸದಾಗಿ ಬಂದ ಆರೋಗ್ಯ ಕಮಿಷನರ್ ಅರ್ನ್‌ಸ್ಟ್ ಲೆಡರ್ಲೆಗೆ ಕನಿಕರ ಬಂತು. ಇನ್ನು ಮುಂದೆ ಅಡುಗೆ ಕೆಲಸ ಮಾಡುವುದಿಲ್ಲ, ಆಗಾಗ ಬಂದು ಹಾಜರಿ ಹಾಕುತ್ತೇನೆ ಎಂದು ಬರೆಸಿಕೊಂಡು ಬಿಟ್ಟ. ಬಟ್ಟೆ ಒಗೆಯುವ ಕೆಲಸವನ್ನೂ ಹುಡುಕಿಕೊಟ್ಟ. ಅಡುಗೆಯ ಸಂಬಳಕ್ಕೂ ಒಗೆಯುವ ಸಂಬಳಕ್ಕೂ ಬಹಳ ಅಂತರ, ಮರ್ಯಾದೆಯಲ್ಲೂ ಅಂತರ. ನಲವತ್ತು ದಾಟಿದವಳು, ಗಂಡನಿಲ್ಲ, ಮಕ್ಕಳಿಲ್ಲ, ಬೇರೆ ವಿದ್ಯೆಯಿಲ್ಲ. ಇಪ್ಪತ್ತು ವರ್ಷ ಕಲಿತ ಕಸುಬನ್ನು ಬಿಡು ಎಂದವರು ಅದರ ಬದಲಿಗೆ ಇನ್ನೊಂದು ಕಸುಬು ಕಲಿಸಲಿಲ್ಲ. ಸ್ವಲ್ಪ ದಿನಕ್ಕೆ ಮೇರಿ ಹಾಜರಿ ಹಾಕುವುದನ್ನು ನಿಲ್ಲಿಸಿ, ಹೆಸರು ಬದಲಿಸಿಕೊಂಡು, ಹೋಟೆಲು, ಖಾನಾವಳಿಗಳಲ್ಲಿ ಮತ್ತೆ ಸೌಟು ಹಿಡಿದಳು.

ಇಲ್ಲಿಂದ ಮುಂದೆ ಅವಳ ಪರವಾಗಿ ಮಾತಾಡುವುದು ಕಷ್ಟ. 1915ರ ಮೊದಲಲ್ಲಿ ನ್ಯೂಯಾರ್ಕಿನ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಕೆಲಸದವರು ಸೇರಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಅಲ್ಲಿನ ಅಡುಗೆಯಾಕೆ ಮಿಸೆಸ್ ಬ್ರೌನ್. ಜೊತೆಯವರು ಅವಳನ್ನು ತಮಾಷೆಗೆ ಟೈಫಾಯ್ಡ್ ಮೇರಿ ಎಂದು ಚುಡಾಯಿಸುತ್ತಿದ್ದರಂತೆ. ನಿಜಕ್ಕೂ ಅವಳೇ ಎಂದು ಅವರಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯವರು ಸೋಪರನನ್ನು ಕರೆಸಿದರು, ಅವನು ಕೈಬರಹ ನೋಡಿ ಗುರುತು ಹಿಡಿದ. ಬಾಣಂತಿಯರು, ಹಸುಗೂಸುಗಳು ಇರುವ ಜಾಗದಲ್ಲಿ, ಮೂರು ವರ್ಷದ ಸೆರೆಯ ನಂತರವೂ, ಬೇರೆ ಹೆಸರಿನಲ್ಲಿ ಅಡುಗೆ ಮಾಡಿದ್ದನ್ನು ಬಡತನ ಎಂದಷ್ಟೇ ಹೇಳಿ ಮುಗಿಸಲಾಗದು. ಡಾಕ್ಟರುಗಳು ಹೇಳಿದ್ದರಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ, ಸರಿ. ಆದರೆ ಹೆಸರು ಮುಚ್ಚಿಟ್ಟಳಲ್ಲ, ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನವಾದರೂ ಇದ್ದಿರಬೇಕು. ಈ ಸಲ ಊರಿನಲ್ಲಿ ಯಾರಿಗೂ ಅವಳ ಮೇಲೆ ಕನಿಕರ ಉಳಿಯಲಿಲ್ಲ. ಮಾರ್ಚ್‌ನಲ್ಲಿ ಹಿಡಿದು ಅದೇ ದ್ವೀಪಕ್ಕೆ ಕಳಿಸಿದರು.

ಹಾಗೆಂದು ಎಲ್ಲರಿಗೂ ಅದೇ ನ್ಯಾಯವಾಗಲಿಲ್ಲ. ಆರೋಗ್ಯವಂತರಾಗಿದ್ದೂ ಟೈಫಾಯ್ಡ್ ಹೊತ್ತಿದ್ದವರನ್ನು ನ್ಯೂಯಾರ್ಕಿನವರು ಮುಂದೆ ನೂರಾರು ಜನರನ್ನು ಗುರುತಿಸಿದರು. ಟೋನಿ ಲಬೆಲ್ಲಾ ಎಂಬಾತನಿಂದ 122 ಜನಕ್ಕೆ ರೋಗ ಬಂದು ಐವರು ಸತ್ತರು. ಅವನನ್ನು ಕೂಡಿಹಾಕಿದ್ದು ಎರಡು ವಾರ. ಆಲ್ಫಾನ್ಸ್ ಕೊಟಿಲ್ಸ್ ಎಂಬ ಬೇಕರಿಯವನು ನಿಷೇಧವಿದ್ದರೂ ಅಡುಗೆಕೋಣೆಯಲ್ಲಿ ಸಿಕ್ಕಿಬಿದ್ದ. ಇನ್ನು ಮುಂದೆ ಫೋನಿನಲ್ಲೇ ವ್ಯಾಪಾರ ಮಾಡುತ್ತೇನೆಂದಾಗ ಬಿಟ್ಟು ಕಳಿಸಿದರು. ಮೇರಿಯಿಂದ ಬಂದದ್ದೆಂದು ಲೆಕ್ಕ ಸಿಕ್ಕಿದ್ದು ಸುಮಾರು 50 ಜನಕ್ಕೆ, ಸತ್ತವರು ಮೂವರು. ಅವಳು ದ್ವೀಪದಲ್ಲಿ ಕಳೆದದ್ದು ಎರಡೂ ಸಲ ಸೇರಿ 26 ವರ್ಷ. ಬಾಯಿ ಜೋರು, ಬಡವಿ, ಪರದೇಶದಿಂದ ಬಂದವಳು, ಒಂಟಿ ಹೆಂಗಸು. ಇವುಗಳಲ್ಲಿ ಯಾವುದು ಎಷ್ಟು ಕಾರಣವಾಯಿತೋ ಓದುವವರೇ ಅಳೆಯಲಿ.

ನಮ್ಮ ಮನೆಗಳ ಮಾತೂ ಇಲ್ಲಿ ಬರುತ್ತದೆ. ಮುಂಬಯಿ, ಪುಣೆಗಳಲ್ಲಿ ಚಪಾತಿ ಭಾಜಿ ಮಾಡಿ ಹೋಗುವ ಬಾಯಿ ದಿನಕ್ಕೆ ನಾಲ್ಕೈದು ಮನೆ ಮುಗಿಸುತ್ತಾಳೆ. ಹೋಟೆಲು, ಕೇಟರಿಂಗ್‌ನವರು ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ, ಟೈಫಾಯ್ಡ್ ಗುಂಪಿನ ರೋಗಗಳಿಗೆ ಲಸಿಕೆ ಕೊಡಿಸಬೇಕೆಂದು ಆಹಾರ ಸುರಕ್ಷತೆಯ ನಿಯಮವಿದೆ. ಮನೆಗೆ ಬರುವ ಬಾಯಿಯ ಬಗ್ಗೆ ಕೇಳುವವರಿಲ್ಲ. ಹೈದರಾಬಾದಿನಲ್ಲೇ ತಯಾರಾಗುವ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಟೈಫಾಯ್ಡ್ ಲಸಿಕೆ ಈಗ ಸುಲಭವಾಗಿ ಸಿಗುತ್ತದೆ. ನಮ್ಮ ಮಕ್ಕಳಿಗೆ ಹಾಕಿಸುವಾಗ ಅವಳಿಗೂ ಹಾಕಿಸಿದರೆ ಅವಳ ಮನೆಗೂ ನಮ್ಮ ಮನೆಗೂ ಕ್ಷೇಮ. ಅದಕ್ಕಿಂತ ಮೊದಲು ಇನ್ನೊಂದು ಇದೆ. ಜ್ವರವೋ ಭೇದಿಯೋ ಆದ ದಿನ ಸಂಬಳ ಹಿಡಿಯುತ್ತೇವೆಂದರೆ ಅವಳು ಅದನ್ನು ಮುಚ್ಚಿಟ್ಟುಕೊಂಡು ಬರುತ್ತಾಳೆ, ಮೇರಿ ಹೆಸರು ಮುಚ್ಚಿಟ್ಟ ಹಾಗೆ. ನಮ್ಮ ಬಾತ್‌ರೂಮನ್ನು ಬಳಸಬೇಡ ಎಂದು ಹೇಳುವ ಮನೆಗಳು ಇವೆಯಲ್ಲ, ಆ ಮನೆಗಳ ಅಡುಗೆಗೆ ಬರುವ ಕೈ ಎಲ್ಲಿ ತೊಳೆದುಕೊಂಡು ಬರಬೇಕು?

ಎರಡನೆಯ ಸಲ ದ್ವೀಪಕ್ಕೆ ಹೋದ ಮೇಲೆ ಮೇರಿ ಜಗಳವಾಡುವುದನ್ನು ಬಿಟ್ಟಳು. ಟೈಫಾಯ್ಡ್ ಎಂಬ ಶಬ್ದವನ್ನು ಅವಳ ಮುಂದೆ ಯಾರೂ ಎತ್ತುವಂತಿರಲಿಲ್ಲ. ಕೆಲವು ವರ್ಷಗಳ ನಂತರ ಆಸ್ಪತ್ರೆಯಲ್ಲಿ ಅವಳಿಗೆ ಸಣ್ಣಪುಟ್ಟ ಕೆಲಸ ಕೊಟ್ಟರು, ಆಗಾಗ ಒಂದು ದಿನದ ಮಟ್ಟಿಗೆ ದೋಣಿ ಹತ್ತಿ ಊರಿಗೆ ಹೋಗಿ ಬರಲೂ ಬಿಟ್ಟರು. ಬೆಳಿಗ್ಗೆ ಹೋಗಿ ಸಂಜೆಗೆ ತಾನಾಗಿಯೇ ವಾಪಸ್ಸು ಬರುತ್ತಿದ್ದಳು. 1925ರಲ್ಲಿ ಅಲ್ಲಿಗೆ ಬಂದ ಅಲೆಕ್ಸಾಂಡ್ರಾ ಪ್ಲಾವ್‌ಸ್ಕಾ ಎಂಬ ಡಾಕ್ಟರು ಅವಳನ್ನು ಲ್ಯಾಬಿನ ಕೆಲಸಕ್ಕೆ ಸೇರಿಸಿಕೊಂಡಳು. ಬಾಟಲಿ ತೊಳೆಯುವುದು, ಗಾಜಿನ ಸಾಮಾನು ಜೋಡಿಸುವುದು, ಪರೀಕ್ಷೆಗೆ ಬೇಕಾದ್ದನ್ನು ಸಿದ್ಧಮಾಡುವುದು. ತನ್ನನ್ನು ಸೆರೆಗೆ ಹಾಕಿಸಿದ ಬ್ಯಾಕ್ಟೀರಿಯಾದಂಥವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವ ಕೋಣೆಯಲ್ಲಿ ಅವಳು ವರ್ಷಗಟ್ಟಲೆ ದುಡಿದಳು. ಕೆಲಸ ಅಚ್ಚುಕಟ್ಟಾಗಿತ್ತು.

1932ರ ಡಿಸೆಂಬರಿನಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಆಮೇಲೆ ಆರು ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದು, 1938ರ ನವೆಂಬರ್ 11ರಂದು, 69ನೆಯ ವಯಸ್ಸಿನಲ್ಲಿ ಸತ್ತಳು. ಟೈಫಾಯ್ಡನ್ನು ಗುಣಪಡಿಸುವ ಕ್ಲೋರಾಂಫೆನಿಕಾಲ್ ಎಂಬ ಔಷಧ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ಮೇರಿಯಂಥವರ ಪಿತ್ತಕೋಶದಿಂದಲೂ ಅದನ್ನು ಓಡಿಸುವ ಆಂಟಿಬಯಾಟಿಕ್‌ಗಳು ಇನ್ನೂ ತಡವಾಗಿ ಬಂದವು. ಬ್ರಾಂಕ್ಸ್‌ನ ಸೇಂಟ್ ರೇಮಂಡ್ ಸ್ಮಶಾನದಲ್ಲಿ ಅವಳ ಗೋರಿಯಿದೆ. ಮಣ್ಣಿಗೆ ಬಂದವರು ಒಂಬತ್ತೇ ಜನ. ಆಸ್ಪತ್ರೆ 1963ರಲ್ಲಿ ಮುಚ್ಚಿತು. ನಾರ್ತ್ ಬ್ರದರ್ ದ್ವೀಪದಲ್ಲಿ ಈಗ ಮನುಷ್ಯರು ಯಾರೂ ಇಲ್ಲ. ಕಟ್ಟಡಗಳ ಮೇಲೆ ಬಳ್ಳಿ ಹಬ್ಬಿದೆ, ಆ ಜಾಗವನ್ನು ನೀರುಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ.